ಗೊತ್ತಿದ್ದ ಪ್ರಶ್ನೆಯೇ ಬಾಕಿ ಉಳಿದರೆ ಏನು ಮಾಡುವುದು?

ಪ್ರಶ್ನೆ: ಹತ್ತನೇ ಕ್ಲಾಸಿನವರೆಗೆ ಕಾಪು ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದೆ. ಈಗ ಉಡುಪಿಯಲ್ಲಿ ಬಿ.ಕಾಂ. ಜೊತೆಗೆ ಸಿಎ ಇಂಟರ್‌ಗೆ ತಯಾರಿ ಮಾಡುತ್ತಿದ್ದೇನೆ. ಪಾಠ ಅರ್ಥವಾಗುತ್ತದೆ, ಲೆಕ್ಕವೂ ಬರುತ್ತದೆ. ಆದರೆ ಓದುವುದು ತುಂಬಾ ನಿಧಾನ. ಒಂದೇ ಪ್ಯಾರಾವನ್ನು ಎರಡು ಮೂರು ಸಲ ಓದುತ್ತೇನೆ. ಕಳೆದ ಸಲ ಆಡಿಟಿಂಗ್ ಪೇಪರಿನಲ್ಲಿ ಗೊತ್ತಿದ್ದ ಪ್ರಶ್ನೆಗಳೇ ಬಾಕಿ ಉಳಿದವು. ಸ್ಪೀಡ್ ರೀಡಿಂಗ್ ಕೋರ್ಸಿಗೆ ಸೇರು ಅಂತ ಗೆಳತಿ ಹೇಳುತ್ತಿದ್ದಾಳೆ. ಸೇರಲಾ ಸರ್?
– ಒಬ್ಬ ವಿದ್ಯಾರ್ಥಿನಿ, ಉಡುಪಿ

ಉತ್ತರ: ಬೇಡಮ್ಮಾ. ಆ ದುಡ್ಡು ಉಳಿಸಿಕೊಳ್ಳಿ.

ಇಂಗ್ಲಿಷ್ ಮನೆಮಾತಾದವರೇ ಸಾಮಾನ್ಯವಾಗಿ ನಿಮಿಷಕ್ಕೆ 240 ಪದಗಳ ಆಸುಪಾಸಿನಲ್ಲಿ ಓದುತ್ತಾರೆ. ಅದನ್ನು ಎರಡು ಮೂರು ಪಟ್ಟು ಮಾಡಲು ಹೋದರೆ ಅರ್ಥ ಕೈತಪ್ಪುತ್ತದೆ. ಓದಿನ ಬಗ್ಗೆ ಸಂಶೋಧನೆ ಮಾಡಿದವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮನಸ್ಸಿನಲ್ಲೇ ಉಚ್ಚರಿಸಿಕೊಂಡು ಓದಬೇಡಿ ಅಂತ ಕೆಲವರು ಹೇಳುತ್ತಾರೆ. ಆ ಮಾತು ಕೇಳಬೇಡಿ. ಕಷ್ಟದ ವಾಕ್ಯ ತಲೆಗೆ ಹೋಗಬೇಕಾದರೆ ಆ ಒಳದನಿ ಬೇಕೇ ಬೇಕು. ‘ಶಲ್’ (ಮಾಡಲೇಬೇಕು) ಇದ್ದ ಕಡೆ ‘ಮೇ’ (ಮಾಡಬಹುದು) ಅಂತ ಓದಿದರೆ ಉತ್ತರವೇ ತಪ್ಪಿಹೋಗುವ ಪರೀಕ್ಷೆ ಇದು.

ಮೊದಲು, ನೀವು ಎಲ್ಲಿ ನಿಲ್ಲುತ್ತೀರಿ ಅಂತ ನೋಡಿಕೊಳ್ಳಿ. ಒಂದು ಪುಟ ಓದುವಾಗ ಕಣ್ಣು ಹಿಂದಕ್ಕೆ ಹೋದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ನನ್ನ ಹತ್ತಿರ ಬರುವ ಮಕ್ಕಳ ಪುಸ್ತಕದಲ್ಲಿ ಆ ಗುರುತು ಬೀಳುವುದು ಹೆಚ್ಚಾಗಿ ಎರಡು ಕಡೆ. ಒಂದು, ‘ಮೆಟೀರಿಯಾಲಿಟಿ’, ‘ಕಂಟಿಂಜೆಂಟ್ ಲಯಬಿಲಿಟಿ’ಯಂಥ ಪದದ ಮೇಲೆ. ಇನ್ನೊಂದು, ‘ಪ್ರೊವೈಡೆಡ್ ದಟ್’ ಅಂತ ಶುರುವಾಗಿ ಎಲ್ಲಿ ಮುಗಿಯುತ್ತದೋ ತಿಳಿಯದ ಉದ್ದ ವಾಕ್ಯದಲ್ಲಿ. ಅಂದರೆ ನಿಮ್ಮ ಕಣ್ಣು ನಿಧಾನ ಅಲ್ಲ, ಪದದ ಪರಿಚಯ ಸಾಲದು ಅಷ್ಟೇ. ಅಧ್ಯಾಯಕ್ಕೊಂದು ಪುಟ ಇಟ್ಟು, ನಿಲ್ಲಿಸಿದ ಪದಕ್ಕೆ ನಿಮ್ಮದೇ ಕನ್ನಡದಲ್ಲಿ ಅರ್ಥ ಬರೆಯಿರಿ. ತುಳುವಿನಲ್ಲಿ ಹೊಳೆದರೆ ತುಳುವಿನಲ್ಲೇ ಬರೆಯಿರಿ. ಆಮೇಲೆ ಆ ಪದ ಬಂದ ಇಂಗ್ಲಿಷ್ ವಾಕ್ಯವನ್ನು ಜೋರಾಗಿ ಓದಿ. ಇದನ್ನು ತಪ್ಪಿಸಬೇಡಿ. ಪರೀಕ್ಷೆ ಬರೆಯಲು ಇರುವುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ, ಕೊನೆಗೆ ಆ ಇಂಗ್ಲಿಷ್ ವಾಕ್ಯವೇ ಕಣ್ಣಿಗೆ ಪಳಗಬೇಕು.

ಎರಡನೆಯದು, ಕೇಸ್ ಪ್ರಶ್ನೆಯನ್ನು ಕೊನೆಯ ಸಾಲಿನಿಂದ ಓದಿ. ಒಂದು ಪ್ರಶ್ನೆ ಹೀಗಿದೆ ಅಂದುಕೊಳ್ಳೋಣ. ಬೈಕಂಪಾಡಿಯಲ್ಲಿ ಒಂದು ಗೋಡಂಬಿ ಕಂಪನಿ. ಯಾವಾಗ ಶುರುವಾಯಿತು, ಎಷ್ಟು ಜನ ಕೆಲಸಕ್ಕಿದ್ದಾರೆ, ಯಾವ ದೇಶಕ್ಕೆ ರಫ್ತು, ಎಲ್ಲ ಉಂಟು. ಲೆಕ್ಕಪತ್ರದ ವರ್ಷ ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್ 12ಕ್ಕೆ ಗೋದಾಮಿಗೆ ಬೆಂಕಿ ಬಿತ್ತು. ಜೂನ್ 20ಕ್ಕೆ ಡೈರೆಕ್ಟರುಗಳು ಲೆಕ್ಕಪತ್ರ ಒಪ್ಪಿದರು. ಕೊನೆಯ ಸಾಲು: ಈ ನಷ್ಟವನ್ನು ಮಾರ್ಚ್ 31ರ ಲೆಕ್ಕದಲ್ಲಿ ಸೇರಿಸಬೇಕೇ?

ಮೇಲಿನಿಂದ ಓದಿದರೆ ಎಲ್ಲವೂ ಮುಖ್ಯ ಅನ್ನಿಸುತ್ತದೆ, ರಫ್ತಿನ ದೇಶವನ್ನೂ ನೆನಪಿಡಲು ಹೋಗುತ್ತೀರಿ. ಕೊನೆಯ ಸಾಲು ಮೊದಲು ಓದಿದರೆ ಇದು ಎಎಸ್ 4ರ, ಅಂದರೆ ವರ್ಷ ಮುಗಿದ ಮೇಲೆ ನಡೆದ ಘಟನೆಗಳನ್ನು ಲೆಕ್ಕದಲ್ಲಿ ಹೇಗೆ ನೋಡಬೇಕು ಅಂತ ಹೇಳುವ ಲೆಕ್ಕಪತ್ರ ಮಾನದಂಡದ ಪ್ರಶ್ನೆ ಅಂತ ತಕ್ಷಣ ಗೊತ್ತಾಗುತ್ತದೆ. ಆಗ ಹುಡುಕಬೇಕಾದ್ದು ಮೂರೇ: ಬೆಂಕಿ ಯಾವಾಗ, ಒಪ್ಪಿಗೆ ಯಾವಾಗ, ಕಂಪನಿ ಮುಂದೆ ನಡೆಯುತ್ತದೋ ಇಲ್ಲವೋ. ಮಾರ್ಚ್ 31ಕ್ಕೆ ಗೋದಾಮು ಸರಿಯಾಗಿಯೇ ಇತ್ತು. ಹಾಗಾಗಿ ಆ ವರ್ಷದ ಅಂಕಿ ಬದಲಿಸುವಂತಿಲ್ಲ. ನಷ್ಟ ದೊಡ್ಡದಾದರೆ ಡೈರೆಕ್ಟರುಗಳ ವರದಿಯಲ್ಲಿ ತಿಳಿಸಬೇಕು. ವ್ಯವಹಾರವೇ ನಿಂತುಹೋಗುವಂತಿದ್ದರೆ ಮಾತ್ರ ಕಥೆ ಬೇರೆ. ನೋಡಿ, ಅರ್ಧ ಪುಟದಲ್ಲಿ ಎರಡೋ ಮೂರೋ ಸಾಲು ಗಮನವಿಟ್ಟು ಓದಿದರೆ ಸಾಕಾಯಿತು. ಇದನ್ನು ಅಭ್ಯಾಸ ಮಾಡಿಕೊಳ್ಳಿ ಅಂತ ಕೈಮುಗಿದು ಹೇಳುತ್ತೇನೆ. ನಿಧಾನವಾಗಿ ಓದುವವರಿಗೆ ಇಷ್ಟು ಉಪಕಾರ ಮಾಡುವ ಇನ್ನೊಂದು ದಾರಿ ನಾನು ಕಂಡಿಲ್ಲ.

ಇನ್ನು ಗಡಿಯಾರ. 180 ನಿಮಿಷಕ್ಕೆ 100 ಮಾರ್ಕು, ಅಂದರೆ ಮಾರ್ಕಿಗೆ 1.8 ನಿಮಿಷ. 30 ಮಾರ್ಕಿನ ಬಹು ಆಯ್ಕೆ ಪ್ರಶ್ನೆಗಳಿಗೆ 54 ನಿಮಿಷ ದಾಟಬಾರದು. ಅಲ್ಲಿ ತಪ್ಪಿಗೆ ಮಾರ್ಕು ಕಡಿತ ಇಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಶುರುವಿಗೆ ಸಿಗುವ 15 ನಿಮಿಷದ ಓದುವ ಸಮಯವನ್ನು ಸುಮ್ನೆ ಪುಟ ತಿರುಗಿಸಿ ಕಳೆಯಬೇಡಿ. ಪ್ರತಿ ಪ್ರಶ್ನೆಯ ಕೊನೆಯ ಸಾಲು ಮಾತ್ರ ಓದುತ್ತಾ ಹೋಗಿ, ಆಯ್ಕೆ ಇರುವ ಕಡೆ ಯಾವುದನ್ನು ಬಿಡುವುದು ಅಂತ ಆಗಲೇ ತೀರ್ಮಾನಿಸಿ.

ಅಭ್ಯಾಸಕ್ಕೆ ಸಿಎ ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆಯ ಜಾಲತಾಣದಲ್ಲಿ ಆರ್‌ಟಿಪಿ (ಪುನರಾವರ್ತನೆಯ ಪ್ರಶ್ನೆಗಳು), ಎಂಟಿಪಿ (ಅಣಕು ಪರೀಕ್ಷೆಯ ಪ್ರಶ್ನೆಪತ್ರಿಕೆಗಳು) ಪುಕ್ಕಟೆ ಸಿಗುತ್ತವೆ. ಮಧ್ಯಾಹ್ನ ಊಟ ಮಾಡಿ, ಎರಡರಿಂದ ಐದರವರೆಗೆ, ಪರೀಕ್ಷೆಯ ಹೊತ್ತಿಗೇ ಕೂತು ಬರೆಯಿರಿ. ನಮ್ಮ ಕರಾವಳಿಯ ಸೆಕೆಯಲ್ಲಿ ಆ ಹೊತ್ತಿಗೆ ಕಣ್ಣು ಎಳೆಯುತ್ತದೆ ಅಲ್ವಾ, ಅದಕ್ಕೂ ದೇಹ ಒಗ್ಗಬೇಕು. ಪಕ್ಕದಲ್ಲಿ ಉತ್ತರ ತೆರೆದಿಟ್ಟು ಎಷ್ಟು ಬಿಡಿಸಿದರೂ ಓದಿನ ವೇಗ ಬರುವುದಿಲ್ಲ. ಪುರುಸೊತ್ತು ಇದ್ದ ದಿನ ಮಂಗಳೂರಿನದೇ ಆದ ಕರ್ಣಾಟಕ ಬ್ಯಾಂಕಿನ ವಾರ್ಷಿಕ ವರದಿ ಇಳಿಸಿಕೊಂಡು, ಆಡಿಟರ ವರದಿಯ ಎರಡು ಪುಟ ಓದಿ. ಪಾಠದ ಪದಗಳು ನಿಜವಾದ ಬ್ಯಾಂಕಿನ ಲೆಕ್ಕದಲ್ಲಿ ಸಿಕ್ಕಾಗ ಬೇಗ ಮನಸ್ಸಿಗೆ ಹಿಡಿಯುತ್ತವೆ.

ಹೂಡಿಕೆ ವಿಶ್ಲೇಷಣೆಯ ಸಿಎಫ್‌ಎ ಪರೀಕ್ಷೆ ಬರೆಯುವವರೂ ಆಗಾಗ ಇದನ್ನೇ ಕೇಳುತ್ತಾರೆ. ಲೆವೆಲ್ 1ರಲ್ಲಿ 180 ಪ್ರಶ್ನೆ, ಒಂದೊಂದಕ್ಕೆ 90 ಸೆಕೆಂಡು. ಅವರಿಗೂ ಇದೇ ಕ್ರಮ ಆಗುತ್ತದೆ.

ಒಂದು ಮಾತು ಕೇಳಲೇಬೇಕು. ಕನ್ನಡ ಓದುವಾಗಲೂ ಹೀಗೇ ಆಗುತ್ತದಾ? ಅಕ್ಷರ ಅದಲು ಬದಲಾಗುವುದು, ಸಾಲು ತಪ್ಪುವುದು ಚಿಕ್ಕಂದಿನಿಂದಲೂ ಉಂಟಾ? ಹಾಗಿದ್ದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಆಮೇಲೆ ಡಿಸ್ಲೆಕ್ಸಿಯಾ (ಓದಲು ತೊಡಕಾಗುವ ಕಲಿಕಾ ನ್ಯೂನತೆ) ಇರಬಹುದೇ ಅಂತ ತಜ್ಞರಲ್ಲಿ ತೋರಿಸಿ. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಪ್ರಮಾಣಪತ್ರ ಇದ್ದವರು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಪ್ರಮಾಣಪತ್ರ ಕೈಗೆ ಬರಲು ಸಮಯ ಬೇಕು, ಹಾಗಾಗಿ ಪರೀಕ್ಷೆಯ ಫಾರ್ಮ್ ತುಂಬುವ ಮೊದಲೇ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.