ಒಂದೂವರೆ ಡಾಲರಿನ ಶಾಲೆ

ಪ್ರಶ್ನೆ: ಅಮೆರಿಕದ ಕಪ್ಪು ಜನಾಂಗದ ಶಿಕ್ಷಕಿ ಮೇರಿ ಮೆಕ್ಲೌಡ್ ಬೆಥ್ಯೂನ್ ಅವರು ಒಂದೂವರೆ ಡಾಲರ್ ಇಟ್ಟುಕೊಂಡು ಶಾಲೆ ತೆರೆದರೆಂದು ಓದಿದೆ. ಅಷ್ಟರಲ್ಲಿ ಶಾಲೆ ನಡೆದದ್ದು ಹೇಗೆ? ಅದು ಈಗಲೂ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ತಾವು ಓದಿದ್ದು ನಿಜ. ಆದರೆ ಬಾಡಿಗೆಗೆ ಹಿಡಿದ ಆ ಪುಟ್ಟ ಮನೆಗೆ ತಿಂಗಳಿಗೆ 11 ಡಾಲರ್ ಕೊಡಬೇಕಿತ್ತು. ಕೈಯಲ್ಲಿದ್ದ ಹಣ ಅದಕ್ಕೂ ಸಾಲುವಂತಿರಲಿಲ್ಲ. ಆದ್ದರಿಂದ ತಮ್ಮ 'ಹೇಗೆ' ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು.

ಬೆಥ್ಯೂನ್ ಅವರು ಹುಟ್ಟಿದ್ದು 1875ರಲ್ಲಿ, ದಕ್ಷಿಣ ಕೆರೊಲಿನಾದ ಮೇಯ್ಸ್‌ವಿಲ್ ಬಳಿ. ಹಿಂದೆ ಗುಲಾಮರಾಗಿದ್ದ ತಂದೆತಾಯಿಯ 17 ಮಕ್ಕಳಲ್ಲಿ ಅವರು 15ನೆಯವರು. ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಹುಡುಗಿ ಮೈಲುಗಟ್ಟಲೆ ನಡೆದು ಮಿಷನ್ ಶಾಲೆಗೆ ಹೋಗಿ, ಅಲ್ಲಿ ಕಲಿತದ್ದನ್ನು ಸಂಜೆ ಮನೆಯವರಿಗೆ ಹೇಳಿಕೊಡುತ್ತಿದ್ದಳು. ಅವರ ಶಿಕ್ಷಕ ವೃತ್ತಿ ಅಲ್ಲಿಂದಲೇ ಆರಂಭವಾಯಿತೆಂದು ನಾನು ಭಾವಿಸುತ್ತೇನೆ.

ರೈಲುಮಾರ್ಗದ ಕೆಲಸಕ್ಕೆ ಬಂದ ಕಪ್ಪು ಕೂಲಿಕಾರರ ಮಕ್ಕಳಿಗೆ ಓದುವ ಅನುಕೂಲವಿಲ್ಲದ್ದನ್ನು ಕಂಡು, 1904ರ ಅಕ್ಟೋಬರ್ 3ರಂದು ಅವರು ಫ್ಲಾರಿಡಾದ ಡೇಟೋನಾದಲ್ಲಿ ಐವರು ಹುಡುಗಿಯರು ಮತ್ತು ತಮ್ಮ ಮಗ ಆಲ್ಬರ್ಟ್‌ನೊಂದಿಗೆ ಪಾಠ ಆರಂಭಿಸಿದರು. ಸಾಮಾನು ತುಂಬುವ ಮರದ ಪೆಟ್ಟಿಗೆಗಳೇ ಆಸನಗಳಾದವು, ಸುಟ್ಟ ಕಟ್ಟಿಗೆಯ ಚೂರುಗಳೇ ಪೆನ್ಸಿಲ್‌ಗಳಾದವು, ಕಾಡುಹಣ್ಣಿನ ರಸವೇ ಶಾಯಿಯಾಯಿತು. ಅವರು ಸಿಹಿಗೆಣಸಿನ ಕಡುಬಿನಂಥ ಪೈಗಳನ್ನು ಮಾಡಿ ಕೂಲಿಕಾರರಿಗೆ ಮಾರಿದರು, ಚರ್ಚುಗಳಲ್ಲಿ ದೇಣಿಗೆ ಕೇಳಿದರು, ಚಳಿಗಾಲ ಕಳೆಯಲು ಊರಿಗೆ ಬರುತ್ತಿದ್ದ ಬಿಳಿಯ ಶ್ರೀಮಂತರ ಬಾಗಿಲಿಗೂ ಸಂಕೋಚವಿಲ್ಲದೆ ಹೋದರು. ಸೋಪು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮನೆತನದ ಜೇಮ್ಸ್ ಗ್ಯಾಂಬಲ್ ಶಾಲೆಯ ವಿಶ್ವಸ್ತರಲ್ಲೊಬ್ಬರಾದರು. ಬೆಥ್ಯೂನ್ ಅವರು ಊರಿನ ಕಸ ಸುರಿಯುತ್ತಿದ್ದ ಜಾಗವನ್ನೇ ಕೊಂಡು ಅಲ್ಲಿ ಶಾಲೆ ಕಟ್ಟಿದರು. ಶ್ರೀಮಂತರ ಕೊಡುಗೆ ದೊಡ್ಡದೇ ಸರಿ. ಆದರೆ ಮೊದಲ ದಿನಗಳಲ್ಲಿ ಶಾಲೆಯನ್ನು ಉಳಿಸಿದ ಕೂಲಿಕಾರರ ಬಿಡಿಗಾಸನ್ನು ಮರೆಯುವುದು ಅನ್ಯಾಯವಾದೀತು.

1920ರ ಚುನಾವಣೆಯ ಮುನ್ನ, ಕಪ್ಪು ಜನರು ಮತ ಹಾಕದಂತೆ ಬೆದರಿಸಲು ಕೂ ಕ್ಲುಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗವಾದಿ ಸಂಘಟನೆಯವರು ರಾತ್ರಿ ಶಾಲೆಯ ಆವರಣಕ್ಕೆ ಬಂದರೂ ಬೆಥ್ಯೂನ್ ಅವರು ಹಿಂಜರಿಯಲಿಲ್ಲ. 1935ರಲ್ಲಿ ಕಪ್ಪು ಮಹಿಳೆಯರ ರಾಷ್ಟ್ರೀಯ ಪರಿಷತ್ತನ್ನು ಸ್ಥಾಪಿಸಿದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರದ ಯುವಜನ ಇಲಾಖೆಯಲ್ಲಿ ಕಪ್ಪು ಜನರ ವಿಭಾಗವನ್ನು ನಿರ್ದೇಶಿಸಿದರು.

ಅವರ ಶಾಲೆ 1923ರಲ್ಲಿ ಜಾಕ್ಸನ್‌ವಿಲ್‌ನ ಕುಕ್‌ಮನ್ ಎಂಬ ಶಿಕ್ಷಣ ಸಂಸ್ಥೆಯೊಡನೆ ಸೇರಿ, ಕ್ರಮೇಣ ಕಾಲೇಜಾಗಿ, 2007ರಿಂದ ಬೆಥ್ಯೂನ್-ಕುಕ್‌ಮನ್ ವಿಶ್ವವಿದ್ಯಾಲಯವೆಂಬ ಹೆಸರಿನಲ್ಲಿ ನಡೆಯುತ್ತಿದೆ. 1955ರಲ್ಲಿ ತೀರಿಕೊಂಡ ಬೆಥ್ಯೂನ್ ಅವರ ಸಮಾಧಿಯೂ, ಅವರು ವಾಸವಾಗಿದ್ದ ಮನೆಯೂ ಅದೇ ಆವರಣದಲ್ಲಿವೆ.