ಸಿಓಪಿಡಿ ಇರೋರಿಗೆ ಮರೆವು, ಸಿಟ್ಟು ಯಾಕೆ ಜಾಸ್ತಿ ಆಗತ್ತೆ?

ನಿಮ್ಮ ತಂದೆಗೆ ಸಿಓಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಡಕ್ಕೆ ಕಷ್ಟ ಆಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಜೋರಾಗಿದೆ, ಈಗೀಗ ಮರೀತಾರೆ, ಸಣ್ಣದಕ್ಕೂ ರೇಗ್ತಾರೆ, ಇದು ವಯಸ್ಸಿಂದಾನಾ ಅಂತ ಕೇಳಿದೀರಿ. ವಯಸ್ಸು ಅಂತ ಸುಮ್ನಾಗ್ಬೇಡಿ, ನಾವು ಹಂಗೇ ಸುಮ್ನಾಗಿ ಒಂದು ವರ್ಷ ಕಳ್ಕೊಂಡ್ವಿ.

ನಮ್ಮಪ್ಪ ಶರ್ಟಿನ ಎರಡು ಗುಂಡಿ ಹಾಕಿ ಮೂರನೇದನ್ನ ಬೆರಳಲ್ಲಿ ಹಿಡ್ಕೊಂಡು ಹಂಗೇ ಕೂತಿರೋರು, ಮರ್ತ್ರೇನೋ ಅಂತ ನಾನು ಹಾಕಕ್ಕೆ ಹೋದ್ರೆ ಕೈ ತಳ್ಳೋರು. ಆಮೇಲೆ ಗೊತ್ತಾಯ್ತು, ಅವ್ರು ಉಸಿರು ಬರ್ಲಿ ಅಂತ ಕಾಯ್ತಿದ್ರು, "ತಡಿ" ಅನ್ನೋಕೂ ಉಸಿರಿರ್ಲಿಲ್ಲ. ನಾವು ಅದನ್ನ ಸಿಟ್ಟು ಅಂದ್ಕೊಂಡ್ವಿ.

ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಇದ್ರೆ ಗಮನ, ನೆನಪು ಎರಡೂ ಮಂದ ಆಗತ್ತೆ, ರಾತ್ರಿ ನಿದ್ದೇಲಿ ಅದು ಇನ್ನೂ ಇಳಿಯತ್ತೆ. ಅದ್ರ ಮೇಲೆ ಭಯ ಬೇರೆ. ಉಸಿರು ಸಿಗ್ತಿಲ್ಲ ಅಂತ ಗಾಬರಿ, ಗಾಬರಿಗೆ ಬೇಗ ಬೇಗ ಉಸಿರು, ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗೋ ಮೊದ್ಲೇ ಇನ್ನೊಂದು ಎಳ್ಕೊಳ್ಳೋದು, ಹಿಂಗಾಗಿ ಎದೆ ಇನ್ನೂ ಕಟ್ಕೊಳ್ಳತ್ತೆ. ನಮ್ಮಪ್ಪ ಸ್ನಾನ ಬೇಡ ಅಂತ ಹಠ ಮಾಡ್ತಿದ್ದಿದ್ದು ಈ ಭಯಕ್ಕೇ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ತಗೋತಿದ್ರೆ ಅದೂ ನಿದ್ದೆ ಕೆಡಿಸತ್ತೆ, ರೇಗೋ ಹಾಗೆ ಮಾಡತ್ತೆ.

ಒಂದು ಮಾತ್ರ ದಯವಿಟ್ಟು ನೆನಪಿಡಿ. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲೆಲ್ಲಾ ತೂಕಡಿಕೆ, ಸಂಬಂಧ ಇಲ್ಲದ ಮಾತು, ಕೈ ಮುಂದೆ ಚಾಚಿದ್ರೆ ಮಣಿಕಟ್ಟು ಪಟಪಟ ಬಡಿಯೋದು, ಇವು ಹೊಸದಾಗಿ ಬಂದ್ರೆ ಕಾರ್ಬನ್ ಡೈಆಕ್ಸೈಡ್ ಏರಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ಆಕ್ಸಿಜನ್ ಮಾತ್ರ ತೋರ್ಸತ್ತೆ, ಇದು ಅದ್ರಲ್ಲಿ ಕಾಣಲ್ಲ, ರಕ್ತದಲ್ಲಿರೋ ಈ ಅನಿಲಗಳನ್ನ ಅಳೆಯೋ ಎಬಿಜಿ ಟೆಸ್ಟಲ್ಲೇ ಗೊತ್ತಾಗೋದು. ಮನೇಲಿ ನೀವೇ ಆಕ್ಸಿಜನ್ ಜಾಸ್ತಿ ತಿರುಗಿಸ್ಬೇಡಿ, ಅದ್ರಿಂದ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು, ಇಂಥೋರಿಗೆ ಡಾಕ್ಟ್ರು ಸಾಮಾನ್ಯವಾಗಿ ಆಕ್ಸಿಮೀಟರಲ್ಲಿ ಆಕ್ಸಿಜನ್ ಶೇಕಡಾ 88ರಿಂದ 92ರೊಳಗೇ ಇರ್ಲಿ ಅಂತಾರೆ. ಕೇಳ್ದೆ ನಿದ್ದೆ ಮಾತ್ರೆ ಅಂತೂ ಕೊಡ್ಲೇಬೇಡಿ, ಉಸಿರಾಟಾನೇ ನಿಧಾನ ಆಗ್ಬಿಡಬಹುದು.

ಅಪ್ಪನಿಗೆ ಡಾಕ್ಟ್ರು ದಿನಕ್ಕೆ 15 ಗಂಟೆಗಿಂತ ಕಮ್ಮಿ ಇಲ್ದಂಗೆ ಆಕ್ಸಿಜನ್ ಹಾಕಿ ಅಂದ್ರು, ಹಾಕಿದ ಮೇಲೆ ಪೇಪರ್ ಓದಿ ನಮ್ಗೇ ಸುದ್ದಿ ಹೇಳೋಷ್ಟಾದ್ರು. ಗಾಬರಿ ಆದಾಗ ಮುಖಕ್ಕೆ ಸಣ್ಣ ಫ್ಯಾನ್ ಗಾಳಿ, ದೀಪ ಆರಿಸೋ ಥರ ತುಟಿ ಸಣ್ಣ ಮಾಡಿ ನಿಧಾನ ಉಸಿರು ಬಿಡೋದು, ಇವೆರಡೂ ನಿಜವಾಗ್ಲೂ ಕೆಲ್ಸ ಮಾಡತ್ತೆ. ಆಗ "ಏನಾಯ್ತು, ಏನ್ ಬೇಕು" ಅಂತ ಕೇಳ್ಬೇಡಿ, ತಲೆ ಆಡ್ಸಿದ್ರೆ ಸಾಕಾಗೋ ಹಂಗೆ ಕೇಳಿ.

ಮರೆವು, ಬೇಜಾರು ಎಲ್ಲಾ ಡಾಕ್ಟ್ರಿಗೆ ಹೇಳಿ, ಆದ್ರೆ ತಂದೆ ಎದುರಿಗೇ ಹೇಳಿ. ನಾನು ಹೊರಗೆ ಕಾರಿಡಾರಲ್ಲಿ ಗುಟ್ಟಾಗಿ ಹೇಳಿದ್ದು ಅಪ್ಪನಿಗೆ ಗೊತ್ತಾಗಿ ತುಂಬಾ ನೊಂದ್ಕೊಂಡಿದ್ರು.