ಬತ್ತಿದ ಸುರಂಗದಲ್ಲಿ ನ್ಯೂಟ್ರಿನೊ ಸಿಕ್ಕೀತೆ?

ಪ್ರಶ್ನೆ: ನಮ್ಮ ಅಡಕೆ ತೋಟದ ಮೇಲಿನ ಗುಡ್ಡೆಯಲ್ಲಿ ನೀರು ಬತ್ತಿದ ಸುರಂಗವಿದೆ. ವಾತಾವರಣದ ನ್ಯೂಟ್ರಿನೊ ಹಿಡಿಯಲು ನೆಲದಡಿಯ ಜಾಗ ಬೇಕಂತೆ, ಇದು ಸಾಲದೆ? ಅದು ದಾರಿಯಲ್ಲಿ ಬಗೆ ಬದಲಿಸಿದ್ದು ತಿಳಿಯುವುದಾದರೂ ಹೇಗೆ?
– ಓದುಗರು, ಪೆರ್ಲ, ಕಾಸರಗೋಡು

ಉತ್ತರ: ಸಾಲದು. ನ್ಯೂಟ್ರಿನೊ ಎಂದರೆ ಯಾವುದಕ್ಕೂ ಸುಲಭವಾಗಿ ತಾಗದೆ ಸಾಗುವ ಪುಟ್ಟ ಕಣ. ಎಲೆಕ್ಟ್ರಾನ್, ಮ್ಯೂಯಾನ್, ಟೌ ಎಂದು ಅದರಲ್ಲಿ ಮೂರು ಬಗೆ. ತೊಂದರೆ ಮ್ಯೂಯಾನ್‌ಗಳದ್ದು. ಬಾಹ್ಯಾಕಾಶದ ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ನ್ಯೂಟ್ರಿನೊ ಜತೆ ಎಲೆಕ್ಟ್ರಾನಿಗಿಂತ ಭಾರವಾದ ಈ ಕಣಗಳೂ ಹುಟ್ಟುತ್ತವೆ. ನೆಲದ ಮೇಲೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಒಂದು ಮೀಟರ್ ಕರಿಬಂಡೆ ಕಸಿಯುವುದು ಅವುಗಳ ಅರ್ಧ ಜಿಇವಿ (ಕಣಗಳ ಶಕ್ತಿಯ ಅಳತೆ) ಶಕ್ತಿಯನ್ನಷ್ಟೆ. ನಿಮ್ಮ ಗುಡ್ಡೆಯ ತೂತುತೂತಾದ ಮುರಕಲ್ಲು ಕಸಿಯುವುದು ಇನ್ನೂ ಕಡಿಮೆ. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ಇಂಥ ನ್ಯೂಟ್ರಿನೊ ಸಿಕ್ಕಿದ್ದು ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ನ್ಯೂಟ್ರಿನೊ ಹಿಡಿಯುವ ಜಪಾನಿನ ನೀರಿನ ತೊಟ್ಟಿ ಸೂಪರ್-ಕಾಮಿಯೊಕಾಂಡೆಯ ಮೇಲೆ ಸಾವಿರ ಮೀಟರ್ ಬಂಡೆಯಿದೆ. ಆದರೂ ಸೆಕೆಂಡಿಗೆ ಎರಡು ಮ್ಯೂಯಾನ್ ಒಳಗೆ ಬರುತ್ತವೆ. ನ್ಯೂಟ್ರಿನೊ ಸಿಗುವುದು ದಿನಕ್ಕೆ ಹತ್ತರ ಆಸುಪಾಸು, ಅದೂ 50,000 ಟನ್ ನೀರಿಟ್ಟರೆ. ನಿಮ್ಮ ಸುರಂಗದಲ್ಲಾದರೆ, ಆಟಿಯ ಮಳೆ ಹಂಚಿಗೆ ಬಡಿಯುವಾಗ ಒಂದು ಅಡಕೆ ಬಿದ್ದ ಸದ್ದು ಹುಡುಕಿದ ಹಾಗೆ.

ನೀರೂ ಎಂಥದ್ದಾದರೂ ಆಗದು. ತೊಟ್ಟಿಯ ಎತ್ತರ 40 ಮೀಟರ್ ದಾಟುತ್ತದೆ, ನ್ಯೂಟ್ರಿನೊ ಬಡಿದಾಗ ಹೊರಟ ಕಣ ನೀರಿನಲ್ಲಿ ಚೆಲ್ಲುವ ಬೆಳಕು ಅಷ್ಟೂ ದೂರ ಮಾಸದೆ ಸಾಗಬೇಕು. ಹಾಗಾಗಿ ಸೋಸುವ ಕೆಲಸ ನಿಲ್ಲುವುದೇ ಇಲ್ಲ, ವಿಕಿರಣ ಸೂಸುವ ರೇಡಾನ್ ಅನಿಲವನ್ನೂ ತೆಗೆಯುತ್ತಾರೆ. ಗೋಡೆಯ ತುಂಬ ಅರ್ಧ ಮೀಟರ್ ಅಗಲದ ಸುಮಾರು 11,000 ಫೋಟೊಮಲ್ಟಿಪ್ಲಯರ್ ಬುರುಡೆಗಳು, ಮಂದ ಬೆಳಕನ್ನೂ ಗುರುತಿಸುವ ಕಣ್ಣುಗಳು. ಒಳಗೆ ನಿರ್ವಾತ, ಹೊರಗೆ ನೀರಿನ ಒತ್ತಡ. 2001ರ ನವೆಂಬರಿನಲ್ಲಿ ನೀರು ತುಂಬಿಸುವಾಗ ಒಂದು ಒಳಕ್ಕೆ ಕುಸಿಯಿತು. ಆ ಅಲೆಗೆ ಪಕ್ಕದ್ದು, ಅದರ ಹೊಡೆತಕ್ಕೆ ಅದರ ಪಕ್ಕದ್ದು. ಆರು ಸಾವಿರಕ್ಕೂ ಹೆಚ್ಚು ಪುಡಿಯಾದವು. ಆಮೇಲೆ ಪ್ರತಿಯೊಂದಕ್ಕೂ ಅಕ್ರಿಲಿಕ್ ಮುಚ್ಚಳ ಬಂತು.

ಇನ್ನು ಬಗೆ. ಮ್ಯೂಯಾನ್ ನ್ಯೂಟ್ರಿನೊ ನೀರಿನ ಪರಮಾಣುವಿಗೆ ಬಡಿದರೆ ಮ್ಯೂಯಾನ್ ಹೊರಡುತ್ತದೆ, ಗೋಡೆಯ ಮೇಲೆ ಅಂಚು ಚೂಪಾದ ಬೆಳಕಿನ ಉಂಗುರ. ಎಲೆಕ್ಟ್ರಾನ್ ಬಗೆಯದ್ದರ ಉಂಗುರದ ಅಂಚು ಕದಡಿರುತ್ತದೆ. ಬುರುಡೆಗಳಿಗೆ ಬೆಳಕು ತಾಗಿದ ನ್ಯಾನೊಸೆಕೆಂಡ್ ವ್ಯತ್ಯಾಸದಿಂದ ದಿಕ್ಕು ಸಿಗುತ್ತದೆ, ದಿಕ್ಕೇ ದೂರದ ಅಳತೆ. ತಲೆಯ ಮೇಲಿಂದ ಬಂದದ್ದು ಸುಮಾರು 15 ಕಿ.ಮೀ. ಸಾಗಿದೆ, ಪಾದದ ಅಡಿಯಿಂದ ಬಂದದ್ದು ಸುಮಾರು 13,000 ಕಿ.ಮೀ. ಕಾಸರಗೋಡಿನ ನೆಲ ಸೀಳಿ ನೆಟ್ಟಗೆ ಮೇಲೇಳುವ ನ್ಯೂಟ್ರಿನೊ ಹುಟ್ಟಿದ್ದು ಪೆರುವಿನ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ಮೇಲಿನ ಗಾಳಿಯಲ್ಲಿ!

ಕೆಲವು ಜಿಇವಿ ಶಕ್ತಿಯಲ್ಲಿ ಮೇಲಿನಿಂದ ಬಂದವುಗಳ ಲೆಕ್ಕ, ಕೆಳಗಿನಿಂದ ಬಂದವುಗಳ ಲೆಕ್ಕ ಸಮ ಇರಬೇಕು. ಎಲೆಕ್ಟ್ರಾನ್ ಬಗೆ ಹಾಗೇ ಇತ್ತು. ಮ್ಯೂಯಾನ್ ಬಗೆ ಮಾತ್ರ ಕೆಳಗಿನಿಂದ ಅರ್ಧದಷ್ಟೇ. ಉಳಿದರ್ಧ ಟೌ ಬಗೆಗೆ ತಿರುಗಿತ್ತು. 1998ರಲ್ಲಿ ಸಾರಿದ ಈ ಫಲಿತಾಂಶಕ್ಕಾಗಿ ಆ ತಂಡದ ವಿಜ್ಞಾನಿ ತಕಾಕಿ ಕಾಜಿಟಾಗೆ 2015ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಈ ದೂರದ ಲೆಕ್ಕ ಎಡವುವುದು ಎರಡು ಕಡೆ. ಶಕ್ತಿ ಒಂದು ಜಿಇವಿಗಿಂತ ಕಡಿಮೆಯಾದರೆ ಮ್ಯೂಯಾನ್ ಹೋದ ದಿಕ್ಕು ನ್ಯೂಟ್ರಿನೊ ಬಂದ ದಿಕ್ಕಾಗಿರುವುದಿಲ್ಲ. ಅಡ್ಡಡ್ಡ ಬಂದದ್ದರಲ್ಲಂತೂ ಕೋನ ಕೊಂಚ ತಪ್ಪಿದರೂ ದೂರ ನೂರಾರು ಕಿಲೋಮೀಟರ್ ತಪ್ಪುತ್ತದೆ.